ಪಕ್ಕದ ಮನೆ ಖಾಲಿಯಾಗಿ, ಕೆಡವುವ ತನಕ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಇದ್ದ ಹಳೇ ಹೆಂಚಿನ ಮನೆಯನ್ನು 2025ರ ಬೇಸಿಗೆಯಲ್ಲಿ ಕೆಡವಲಾಯಿತು. ತಾನಾಗಿ ಬೀಳುವ ಮೊದಲೇ ಕೆಡವಿದರಲ್ಲ, ಅದೇ ನನಗೆ ದೊಡ್ಡ ಸಮಾಧಾನ. ಆಮೇಲಿಂದ ಪರಿಚಯದವರು, ಪರಿಚಯ ಇಲ್ಲದವರು ಕೂಡ "ಎಲ್ಲಿ ದೂರು ಕೊಟ್ರಿ? ಯಾವ ಸೆಕ್ಷನ್ನು?" ಅಂತ ಕೇಳುತ್ತಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸೆಕ್ಷನ್ನಿನ ಮಾತು ಮುಂದೆ ಬರುತ್ತದೆ. ಆದರೆ ಈ ಓಡಾಟದಲ್ಲಿ ನನಗೆ ಮನದಟ್ಟಾದದ್ದು ಬೇರೆ. ಗೋಡೆ ಕೆಡವುವುದು ಸುಲಭ. ಒಳಗಿರುವ ಜನರನ್ನು ಮರ್ಯಾದೆಯಿಂದ ಇನ್ನೊಂದು ಸೂರಿನ ಕೆಳಗೆ ಮುಟ್ಟಿಸುವುದು ಕಷ್ಟ. ಗೋಡೆಗೆ ನೋಟಿಸು ಕೊಡಲು ಕಾನೂನಿದೆ. ಜನರನ್ನು ಮುಟ್ಟಿಸುವುದು ಯಾರ ಕೆಲಸ ಅಂತ ಎಲ್ಲೂ ಬರೆದಿಲ್ಲ.

ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಬಸವನಗುಡಿ, ಮಲ್ಲೇಶ್ವರಕ್ಕಿಂತಲೂ ಹಳೆಯದು. ಈ ಭಾಗದ ಹಳೇ ಮನೆಗಳು ಹೇಗಿರುತ್ತವೆ ಅಂತ ಗೊತ್ತಲ್ವಾ? ಸುಟ್ಟ ಇಟ್ಟಿಗೆ, ಮಣ್ಣುಗಾರೆ, ಮೇಲೆ ಸುಣ್ಣದ ಗಿಲಾವು. ಮರದ ತೊಲೆ, ಜಂತೆ, ರೀಪು, ಅದರ ಮೇಲೆ ಮಂಗಳೂರು ಹೆಂಚು. ನೋಡಿಕೊಂಡರೆ ನೂರು ವರ್ಷ ಬಾಳುತ್ತವೆ. ನೋಡಿಕೊಳ್ಳದಿದ್ದರೆ ಒಂದು ಹೆಂಚು ಒಡೆದರೂ ಸಾಕು. ಅಲ್ಲಿಂದ ನೀರು ಗೋಡೆಯ ತಲೆಗೆ ಇಳಿಯುತ್ತದೆ. ಮಣ್ಣುಗಾರೆ ನೆನೆದು ಕರಗುತ್ತದೆ. ತೊಲೆಯ ತುದಿಗೆ ಗೆದ್ದಲು ಹಿಡಿಯುತ್ತದೆ. ಹೊರಗಿನಿಂದ ನೋಡುವವರಿಗೆ ಗೋಡೆ ನೆಟ್ಟಗೇ ಕಾಣುತ್ತಿರುತ್ತದೆ.

ಪಕ್ಕದ ಮನೆಗೆ ಆಗಿದ್ದೂ ಇದೇ. ಕಟ್ಟಿದ ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳು, ಮೊಮ್ಮಕ್ಕಳು ಮೂರು ಕವಲಾಗಿ ಪಾಲಿನ ಕೇಸು ಹಾಕಿಕೊಂಡಿದ್ದರು. ಒಬ್ಬರು ರಿಪೇರಿ ಮಾಡಿಸಿದರೆ ಇನ್ನೊಬ್ಬರಿಗೆ ಲಾಭ ಅನ್ನುವ ಲೆಕ್ಕ. ಹಾಗಾಗಿ ಒಡೆದ ಹೆಂಚು ಬದಲಿಸುವವರೂ ಇರಲಿಲ್ಲ. ಗೋಡೆಯ ತಲೆಯಲ್ಲಿ ಅರಳಿ ಸಸಿ ಬೇರು ಬಿಟ್ಟಿತ್ತು. ಮುಂದಿನ ಕೋಣೆಯಲ್ಲಿ ಒಬ್ಬ ಟೈಲರ್ ಅಣ್ಣ ಸಂಸಾರ ಸಮೇತ ಬಾಡಿಗೆಗಿದ್ದರು. ಹಿಂದಿನ ಕೋಣೆಯಲ್ಲಿ ಹೂ ಕಟ್ಟಿ ಮಾರುವ ಅಕ್ಕ ಮತ್ತು ಅವರ ಮೊಮ್ಮಗಳು. ನಮ್ಮ ನಡುಮನೆಗೂ ಆ ಹಿಂದಿನ ಕೋಣೆಗೂ ಒಂದೇ ಗೋಡೆ, ಜಂಟಿ ಗೋಡೆ.

2024ರ ಅಕ್ಟೋಬರಿನ ಮಳೆ ಬೆಂಗಳೂರಿನವರಿಗೆ ನೆನಪಿರುತ್ತದೆ. ಆ ತಿಂಗಳ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು ಕೂಲಿ ಕಾರ್ಮಿಕರು ಸತ್ತರು. ಅದೇ ವಾರ ನಮ್ಮ ನಡುಮನೆಯ ಗೋಡೆಯ ಮೇಲೆ ಓರೆಯಾಗಿ ಒಂದು ಬಿರುಕು ಕಾಣಿಸಿತು. ಅತ್ತೆ ತಮ್ಮ ಮಂಚವನ್ನು ಆ ಗೋಡೆಯಿಂದ ದೂರ ಎಳೆಸಿಕೊಂಡರು. ಗೋಡೆಯ ಆಚೆ ಬದಿಗೆ ಒರಗಿ ಆ ಮಗು ಮಲಗುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಸುಮ್ನೆ ಕೂರಲು ಆಗಲಿಲ್ಲ.

ಇಂಥ ಕುಸಿತ ಈ ಊರಿಗೆ ಹೊಸದೇನೂ ಅಲ್ಲ. 2021ರ ಸೆಪ್ಟೆಂಬರ್ 27ರಂದು ಲಕ್ಕಸಂದ್ರದಲ್ಲಿ ಮೆಟ್ರೊ ಕಾರ್ಮಿಕರಿದ್ದ ಹಳೇ ಮೂರಂತಸ್ತಿನ ಕಟ್ಟಡ ಹಾಡಹಗಲೇ ಕುಸಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಮರುದಿನ ಡೇರಿ ಕ್ವಾರ್ಟರ್ಸಿನ ಕಟ್ಟಡ ಬಿತ್ತು. ಹತ್ತು ದಿನ ಕಳೆಯುವುದರೊಳಗೆ ಕಸ್ತೂರಿನಗರದ್ದು. ಈ ಮೂರರಲ್ಲೂ ಜೀವ ಹೋಗಲಿಲ್ಲ. ಯಾಕೆ ಅಂದರೆ ಬೀಳುವ ಮೊದಲೇ ಒಳಗಿದ್ದವರು ಹೊರಗೆ ಬಂದಿದ್ದರು. 2019ರಲ್ಲಿ ನಗರದಲ್ಲಿ ಸಮೀಕ್ಷೆ ನಡೆಸಿ 185 ಶಿಥಿಲ ಕಟ್ಟಡಗಳನ್ನು ಗುರುತಿಸಲಾಗಿತ್ತು ಅನ್ನುವ ಸುದ್ದಿ ಆಗಲೇ ಮತ್ತೆ ಹೊರಬಂತು. ಅವುಗಳಲ್ಲಿ ಕೆಡವಿದ್ದು ತೀರಾ ಕಡಿಮೆ. ಪಟ್ಟಿ ಇತ್ತು, ಕಟ್ಟಡಗಳೂ ಇದ್ದವು, ಅವುಗಳಲ್ಲಿ ಜನರೂ ಇದ್ದರು.

ನಾನು ಮೊದಲು ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಅಷ್ಟಕ್ಕೇ ನಿಲ್ಲಿಸದೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ವಾರ್ಡ್ ಕಚೇರಿಗೆ ಕೊಟ್ಟೆ. ನಕಲಿನ ಮೇಲೆ ಸೀಲು ಹಾಕಿಸಿ ಸ್ವೀಕೃತಿ ಪಡೆದೆ. ಈ ಸೀಲು ತುಂಬಾ ಮುಖ್ಯ. ಮುಂದೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಅದನ್ನೇ.

ಅರ್ಜಿಯಲ್ಲಿ ಏನು ಬರೆಯುತ್ತೇವೆ ಅನ್ನುವುದರ ಮೇಲೂ ಬಹಳಷ್ಟು ನಿಂತಿದೆ. ಆಗ ಜಾರಿಯಲ್ಲಿದ್ದ ಬಿಬಿಎಂಪಿ ಕಾಯ್ದೆ 2020ರ 248ನೇ ಸೆಕ್ಷನ್ ಅಂತ ಎಲ್ಲರೂ ಹೇಳುತ್ತಿದ್ದರು. ಅದು ನಕ್ಷೆ ಮೀರಿ, ಅನುಮತಿ ಇಲ್ಲದೆ ಕಟ್ಟಿದ್ದಕ್ಕೆ. ಮೊದಲು ತಾತ್ಕಾಲಿಕ ಆದೇಶ, ಆಮೇಲೆ ಸ್ಥಿರೀಕರಣ ಆದೇಶ ಅಂತ ಅದರ ದಾರಿಯೇ ಬೇರೆ. ಶಿಥಿಲವಾದ ಮನೆ ಕಾನೂನು ಮೀರಿ ಕಟ್ಟಿದ್ದಲ್ಲ. ಅದು ಅಪಾಯದ ಮನೆ. ಹಾಗಾಗಿ ಅರ್ಜಿಯಲ್ಲಿ "ಅನಧಿಕೃತ" ಅಂತ ಬರೆಯಬೇಡಿ. ಬೀಳುವ ಸ್ಥಿತಿಯಲ್ಲಿದೆ, ಒಳಗೆ ಇಷ್ಟು ಜನ ಇದ್ದಾರೆ, ಪಕ್ಕದಲ್ಲಿ ಇಷ್ಟು ಜನ, ಎದುರಿನ ರಸ್ತೆಯಲ್ಲಿ ಶಾಲೆಯ ಮಕ್ಕಳು ಓಡಾಡುತ್ತಾರೆ ಅಂತ ಬರೆಯಿರಿ. ಬಿರುಕಿನ ಪಕ್ಕ ಸ್ಕೇಲು ಹಿಡಿದು, ದಿನಾಂಕ ಕಾಣುವ ಹಾಗೆ ಫೋಟೊ ತೆಗೆದು ಅಂಟಿಸಿ.

ಎಂಜಿನಿಯರ್ ಬಂದರು. ಸಹಾಯಕ ಎಂಜಿನಿಯರ್ ದರ್ಜೆಯವರು, ಇನ್ನೂ ಚಿಕ್ಕ ವಯಸ್ಸು. ಅವರ ಬಗ್ಗೆ ನನಗೆ ಗೌರವವಿದೆ. ಏಣಿ ತರಿಸಿ ತಾವೇ ಮೇಲೆ ಹತ್ತಿ ತೊಲೆಯ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದರು. ಅದು ಅರ್ಧಕ್ಕರ್ಧ ಒಳಗೆ ಹೋಯಿತು. ಆಮೇಲೆ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಹಚ್ಚಿ, ಮೇಲೆ ದಿನಾಂಕ ಬರೆದರು. "ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ ಮೇಡಂ. ಒಡೆಯದಿದ್ದರೆ ಹಳೇ ಬಿರುಕು" ಅಂದರು. ಕಾಂಕ್ರೀಟ್ ಕಟ್ಟಡವಾದರೆ ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್ ಪರೀಕ್ಷೆ ಎಲ್ಲಾ ಇದೆ. ಮಣ್ಣುಗಾರೆಯ ಮನೆಗೆ ಕಣ್ಣು, ಕೈ, ತೂಗುಗುಂಡು ಮತ್ತು ಈ ಗಾಜಿನ ಪಟ್ಟಿಯೇ ಪರೀಕ್ಷೆ. ದೀಪಾವಳಿ ಕಳೆಯುವಷ್ಟರಲ್ಲಿ ಮೂರು ಪಟ್ಟಿಗಳಲ್ಲಿ ಎರಡು ಒಡೆದಿದ್ದವು. ಪಂಚರ, ಅಂದರೆ ಸ್ಥಳದ ಸಾಕ್ಷಿಗಳ, ಸಹಿ ಹಾಕಿಸಿ ಮಹಜರು ಬರೆದರು. ಪಂಚರಲ್ಲಿ ನಾನೂ ಒಬ್ಬಳು.

ಆ ದಿನವೇ ಅವರು ಹೇಳಿದ ಇನ್ನೊಂದು ಮಾತು ನಮ್ಮನ್ನು ಉಳಿಸಿತು. ಆದೇಶ ಬರುವ ತನಕ ಕಾಯಬೇಡಿ, ಇವತ್ತೇ ಗೋಡೆಗೆ ಊರುಗೋಲು ಕೊಡಿಸಿ ಅಂದರು. ನಮ್ಮ ಬದಿಯಿಂದ ಕಬ್ಬಿಣದ ಜಾಕಿ, ಆ ಬದಿಯಿಂದ ಸರ್ವೆ ಮರ ಕೊಟ್ಟು ಗೋಡೆಯನ್ನು ಹಿಡಿದು ನಿಲ್ಲಿಸಿದೆವು. ಅರಳಿ ಸಸಿಯನ್ನು ಕೀಳಲು ಹೋದವರನ್ನು ಅವರೇ ತಡೆದರು. ಬೇರು ಎಳೆದರೆ ಇಟ್ಟಿಗೆಯೂ ಜೊತೆಗೆ ಬರುತ್ತದಂತೆ. ಕಾಂಡ ಕತ್ತರಿಸಿ ಬಿಟ್ಟರು.

ಇನ್ನು ನೋಟಿಸು. ಖಾತೆ ಇನ್ನೂ ತೀರಿಹೋದ ಯಜಮಾನರ ಹೆಸರಲ್ಲೇ ಇತ್ತು. ಅವರ ಹೆಸರಿಗೇ ನೋಟಿಸು ತಯಾರಾಯಿತು. ಸತ್ತವರ ಹೆಸರಿನ ನೋಟಿಸನ್ನು ಯಾರು ತಾನೇ ತೆಗೆದುಕೊಳ್ಳುತ್ತಾರೆ? ಹಳೇ ಪೇಟೆ ಭಾಗದಲ್ಲಿ ಈ ತೊಡಕು ಮನೆಮನೆಗೂ ಇದೆ. ಖಾತೆ ಬದಲಾಯಿಸಬೇಕು ಅಂದರೆ ಪಾಲು ಆಗಬೇಕು, ಪಾಲು ಆಗಬೇಕು ಅಂದರೆ ಕೇಸು ಮುಗಿಯಬೇಕು. ನಾನು ಸಿಟಿ ಸಿವಿಲ್ ಕೋರ್ಟಿನಲ್ಲಿ ಆ ಪಾಲಿನ ಕೇಸಿನ ನಂಬರು ಹುಡುಕಿ, ಅದರಲ್ಲಿ ವಾದಿ, ಪ್ರತಿವಾದಿ ಅಂತ ಇದ್ದವರೆಲ್ಲರ ಹೆಸರು, ವಿಳಾಸ ಬರೆದುಕೊಂಡು ತಂದುಕೊಟ್ಟೆ. ವಾರಸುದಾರರ ಪಟ್ಟಿ ಅಲ್ಲೇ ಸಿದ್ಧವಾಗಿತ್ತು. ಅಷ್ಟೂ ಜನಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಹೋಯಿತು. ಬಾಗಿಲಿಗೂ ಅಂಟಿಸಿ ಫೋಟೊ ತೆಗೆದರು. ಖಾತೆಯ ತೊಡಕಿನಲ್ಲಿ ಸಿಕ್ಕಿಕೊಂಡವರು ಈ ದಾರಿ ಹಿಡಿಯಬಹುದು.

ಅದೇ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ದೇಶದಲ್ಲಿ ಬುಲ್ಡೋಜರ್ ತಂದು ಮನೆ ಒಡೆಯುವುದರ ವಿರುದ್ಧ ಬಂದ ತೀರ್ಪು ಅದು. ನೋಟಿಸು ಕೊಟ್ಟು ಕನಿಷ್ಠ 15 ದಿನ ಕೊಡಬೇಕು, ಮಾಲೀಕರ ಮಾತು ಕೇಳಬೇಕು, ಆದೇಶವಾದ ಮೇಲೂ 15 ದಿನ ಬಿಡಬೇಕು, ಕೆಡವುವುದನ್ನು ವಿಡಿಯೊ ಮಾಡಬೇಕು ಅಂತ ಅದರಲ್ಲಿದೆ. ಈ ಪಕ್ಕದ ಮನೆಗೆ ಅದು ಪೂರ್ತಿ ಅನ್ವಯಿಸುತ್ತದೋ ಇಲ್ಲವೋ ಅನ್ನುವ ಚರ್ಚೆ ನಡೆಯಿತು. ಕೊನೆಗೆ ಅದರ ಪ್ರಕಾರವೇ ನಡೆಯೋಣ ಅಂತ ಅಧಿಕಾರಿಗಳು ತೀರ್ಮಾನಿಸಿದರು. ತಡವಾಯಿತು ನಿಜ. ಆದರೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಮನೆ ಅಂದರೆ ಮನೆ. ಅದನ್ನು ಕೆಡವುವ ಮೊದಲು ನಾಲ್ಕು ಮಾತು ಕೇಳಬೇಕು.

ವಿಚಾರಣೆಯಲ್ಲಿ ವಾರಸುದಾರರ ಕಡೆಯ ವಕೀಲರು ಕೋರ್ಟಿನ ಯಥಾಸ್ಥಿತಿ ಆದೇಶ ತೋರಿಸಿದರು. ಆಸ್ತಿಯನ್ನು ಇದ್ದ ಹಾಗೇ ಇಡಬೇಕು ಅಂತ ಆದೇಶವಿದೆ, ನಾವು ಇಟ್ಟಿಗೆಯನ್ನೂ ಮುಟ್ಟುವ ಹಾಗಿಲ್ಲ ಅಂದರು. ಮನೆ ಬೀಳುತ್ತಿರುವಾಗ ಯಥಾಸ್ಥಿತಿ ಅಂದರೆ ಏನು? ಪುಣ್ಯಕ್ಕೆ ಮೂವರಲ್ಲಿ ಹಿರಿಯರಾದ ಮೈಸೂರಿನ ಸೊಸೆಯೊಬ್ಬರು ವಿವೇಕ ತೋರಿಸಿದರು. ನಿವೃತ್ತ ಟೀಚರು. "ಜಾಗ ಎಲ್ಲಿಗೂ ಓಡಿಹೋಗಲ್ಲ. ಗೋಡೆ ಬಿದ್ದು ಮಗುವಿಗೆ ಏನಾದರೂ ಆದರೆ ನಾವು ಮೂರು ಮನೆಯವರೂ ಆ ಪಾಪ ಹೊರಬೇಕು" ಅಂತ ಉಳಿದಿಬ್ಬರಿಗೆ ಹೇಳಿದರು. ಕಟ್ಟಡ ಇಳಿಸಿದರೂ ಯಾರ ಪಾಲಿನ ಹಕ್ಕಿಗೂ ಧಕ್ಕೆ ಇಲ್ಲ ಅಂತ ಬರೆದು, ಮೂವರೂ ಸಹಿ ಹಾಕಿ ಕೋರ್ಟಿಗೆ ಜಂಟಿ ಮೆಮೊ ಸಲ್ಲಿಸಿದರು. ಎಂಜಿನಿಯರ್ ವರದಿಯನ್ನು ಅದರ ಜೊತೆ ಇಟ್ಟಿದ್ದರು. ಕೋರ್ಟು ಒಪ್ಪಿತು.

ಮಾಲೀಕರು ಹಟ ಹಿಡಿದಿದ್ದರೆ ಇನ್ನೊಂದು ದಾರಿಯಿತ್ತು. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಬಿದ್ದು ಜನರಿಗೆ ಪೆಟ್ಟಾಗುವಂತಿರುವ ಕಟ್ಟಡವನ್ನು ತೆಗೆಸಲು, ರಿಪೇರಿ ಮಾಡಿಸಲು ಅಥವಾ ಊರುಗೋಲು ಕೊಡಿಸಲು ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಹಿಂದೆ ಇದು ಅಪರಾಧ ಪ್ರಕ್ರಿಯೆಯ ಹಳೇ ಕಾನೂನಾದ ಸಿಆರ್‌ಪಿಸಿಯ 133ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 152ನೇ ಸೆಕ್ಷನ್.

ಇಷ್ಟೆಲ್ಲ ಆದಾಗ ಎಲ್ಲರೂ ಕೆಲಸ ಮುಗಿಯಿತು ಅಂದುಕೊಂಡರು. ಒಳಗಿದ್ದ ಎರಡು ಸಂಸಾರಗಳ ಮಾತು ಬಂದದ್ದೇ ಆಮೇಲೆ.

ಟೈಲರ್ ಅಣ್ಣ ಖಾಲಿ ಮಾಡಲ್ಲ ಅಂದುಬಿಟ್ಟರು. ಅವರದು ಮೊಂಡುತನ ಅಂತ ಬೀದಿಯಲ್ಲಿ ಕೆಲವರು ಬೈದರು. ನಾನು ಅವರ ಜೊತೆ ಕೂತು ಮಾತಾಡಿದೆ. ಅವರ ಭಯ ಸರಿಯಾಗಿಯೇ ಇತ್ತು. ಈ ಊರಿನಲ್ಲಿ ಬಾಡಿಗೆದಾರರನ್ನು ಎಬ್ಬಿಸಲು "ಮನೆ ಶಿಥಿಲವಾಗಿದೆ" ಅನ್ನುವ ನೆಪ ಹಳೆಯದು. ಬೇಕಂತಲೇ ರಿಪೇರಿ ನಿಲ್ಲಿಸಿ, ನೀರು ಸೋರಲು ಬಿಟ್ಟು, ಆಮೇಲೆ ನೋಟಿಸು ತರಿಸುವವರು ಇದ್ದಾರೆ. ಟೈಲರ್ ಅಣ್ಣನ ಬಾಡಿಗೆ ಹಳೇ ಕಾಲದ್ದು, 3,500 ರೂಪಾಯಿಯ ಒಳಗೇ ಇತ್ತು. ಹಾಗಾಗಿ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಅವರಿಗಿತ್ತು. ಗೋಡೆ ಹೋದರೆ ಆ ರಕ್ಷಣೆಯೂ ಹೋಗುತ್ತದೆ ಅಂತ ಅವರು ತಿಳಿದಿದ್ದರು.

ಪರಿಚಯದ ವಕೀಲರೊಬ್ಬರು ಇದಕ್ಕೆ ಉತ್ತರ ಕೊಟ್ಟರು. ಪಾಲಿಕೆ ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆದಾರನ ಹಕ್ಕು ತಾನಾಗಿ ಮುಗಿಯುವುದಿಲ್ಲ, ಅದು ನೆಲದ ಮೇಲೆ ಉಳಿಯುತ್ತದೆ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಮಹಾರಾಷ್ಟ್ರದ ಒಂದು ಕೇಸಿನಲ್ಲಿ ಹೇಳಿದೆ. ಅದನ್ನು ಅಣ್ಣನಿಗೆ ವಿವರಿಸಿದಾಗ ಅವರ ಮುಖದ ಬಿಗಿ ಸಡಿಲವಾಯಿತು. "ಇದನ್ನ ಯಾರೂ ನಂಗೆ ಹೇಳಲೇ ಇಲ್ವಲ್ಲ ಮೇಡಂ" ಅಂದರು. ನೋಟಿಸಿನ ಕೆಳಗೆ ಒಂದೇ ಒಂದು ಸಾಲು, ಖಾಲಿ ಮಾಡಿದರೆ ನಿಮ್ಮ ಹಕ್ಕು ಹೋಗುವುದಿಲ್ಲ ಅಂತ ಬರೆದರೆ ಎಷ್ಟೋ ಜನ ಬೀಳುವ ಮನೆಯಿಂದ ಹೊರಗೆ ಬರುತ್ತಾರೆ. ಇದನ್ನು ನಾನು ಲಿಖಿತವಾಗಿಯೂ ಕೇಳಿದ್ದೇನೆ. ಮುಂದೆಯೂ ಕೇಳುತ್ತೇನೆ.

ಹೂವಿನ ಅಕ್ಕನ ಕಷ್ಟ ಬೇರೆ. ಅವರಿಗೆ ಹಕ್ಕಿನ ಚಿಂತೆ ಇರಲಿಲ್ಲ, ಕರಾರು ಪತ್ರವೂ ಇರಲಿಲ್ಲ. "ಎಲ್ಲಿಗೆ ಹೋಗಲಮ್ಮಾ? ಬೆಳಗಿನ ಜಾವ ಮಾರ್ಕೆಟ್ಟಿಗೆ ನಡೆದು ಹೋಗಬೇಕು" ಅಂದರು. ಕೆ.ಆರ್. ಮಾರುಕಟ್ಟೆಯಲ್ಲಿ ಬಿಡಿ ಹೂವು ಕೊಳ್ಳಬೇಕಾದರೆ ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು. ಆ ಹೊತ್ತಿಗೆ ದೂರದಿಂದ ಬರಲು ಬಸ್ಸಿಲ್ಲ. ಕೆಂಗೇರಿಯಲ್ಲಿ ಕಡಿಮೆ ಬಾಡಿಗೆಗೆ ಮನೆ ಸಿಗುತ್ತದೆ ಅಂತ ಹೇಳುವುದು ಸುಲಭ. ಅಲ್ಲಿಗೆ ಹೋದರೆ ಅವರ ಕಸುಬೇ ನಿಂತುಹೋಗುತ್ತದೆ. ಮೊಮ್ಮಗಳ ಶಾಲೆಯೂ ಇಲ್ಲೇ.

ಮುಂಬೈಯಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ಹಳೇ ಕಟ್ಟಡಗಳ ರಿಪೇರಿಗೇ ಮ್ಹಾಡಾ ಅನ್ನುವ ಮಹಾರಾಷ್ಟ್ರದ ವಸತಿ ಪ್ರಾಧಿಕಾರದ ಅಡಿಯಲ್ಲಿ ಒಂದು ಮಂಡಳಿಯಿದೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅತಿ ಅಪಾಯದ ಕಟ್ಟಡಗಳ ಪಟ್ಟಿ ಪ್ರಕಟಿಸುತ್ತಾರೆ. ಅಲ್ಲಿನ ಪಾಲಿಕೆ ಕಟ್ಟಡಗಳನ್ನು ಸಿ1, ಸಿ2ಎ, ಸಿ2ಬಿ, ಸಿ3 ಅಂತ ವಿಂಗಡಿಸುತ್ತದೆ. ಸಿ1 ಅಂದರೆ ಕೂಡಲೇ ಖಾಲಿ ಮಾಡಿ ಕೆಡವಬೇಕಾದದ್ದು. ಸಿ2ಬಿ ಅಂದರೆ ಜನರನ್ನು ಎಬ್ಬಿಸದೆ ರಿಪೇರಿ ಮಾಡಬಹುದಾದದ್ದು. ಖಾಲಿ ಮಾಡಿದವರು ತಾತ್ಕಾಲಿಕವಾಗಿ ಇರಲು ಟ್ರಾನ್ಸಿಟ್ ಕ್ಯಾಂಪುಗಳಿವೆ. ಅಲ್ಲೂ ದೂರುಗಳು ಬೇಕಾದಷ್ಟಿವೆ. ಕ್ಯಾಂಪಿಗೆ ಹೋದವರು ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ. ಆದರೂ "ಎಲ್ಲಿಗೆ ಹೋಗಲಿ" ಅನ್ನುವ ಪ್ರಶ್ನೆಗೆ ಆ ಊರಿನ ಕಾನೂನಿನಲ್ಲಿ ಒಂದು ಜಾಗವಿದೆ. ನಮ್ಮಲ್ಲಿ ಹೂವಿನ ಅಕ್ಕನಂಥವರನ್ನು ಒಂದು ತಿಂಗಳ ಮಟ್ಟಿಗಾದರೂ ಇರಿಸಲು ವಾರ್ಡಿಗೆ ನಾಲ್ಕು ಕೋಣೆ ಇದ್ದರೂ ಸಾಕಿತ್ತು. ಖಾಲಿ ಬಿದ್ದಿರುವ ಸರ್ಕಾರಿ ಕಟ್ಟಡಗಳು ಕಣ್ಣೆದುರಿಗೇ ಇವೆ.

ಕೊನೆಗೆ ಬಗೆಹರಿದದ್ದು ಮಾತುಕತೆಯಿಂದ. ಮೈಸೂರಿನ ಟೀಚರಮ್ಮ ಮುಂದೆ ನಿಂತರು. ಇಬ್ಬರ ಅಡ್ವಾನ್ಸೂ ವಾಪಸ್, ಜೊತೆಗೆ ಹೊಸ ಮನೆಯ ಬಾಡಿಗೆಗೂ ಹಳೆಯದಕ್ಕೂ ಇರುವ ವ್ಯತ್ಯಾಸ ಕೆಲವು ತಿಂಗಳು ಮಾಲೀಕರದ್ದು ಅಂತ ಛಾಪಾ ಕಾಗದದ ಮೇಲೆ ಬರೆಸಿದರು. ಟೈಲರ್ ಅಣ್ಣನ ಬಾಡಿಗೆ ಹಕ್ಕನ್ನು ಬಿಟ್ಟುಕೊಟ್ಟಂತಲ್ಲ ಅನ್ನುವ ಸಾಲೂ ಸೇರಿತು. ಹೂವಿನ ಅಕ್ಕನಿಗೆ ಹತ್ತಿರದ ಆಜಾದ್ ನಗರದಲ್ಲಿ ಒಂದು ಕೋಣೆ ಸಿಕ್ಕಿತು. ಅದರ ಅಡ್ವಾನ್ಸಿಗೆ ಕಡಿಮೆ ಬಿದ್ದದ್ದನ್ನು ಬೀದಿಯವರು ಚಂದಾ ಎತ್ತಿದೆವು. ಹಾಲಿನವರು, ಪ್ರೆಸ್ಸಿನವರು, ಎದುರು ಮನೆಯ ಅಜ್ಜಿ ಎಲ್ಲರೂ ಕೊಟ್ಟರು. ಬೀದಿ ಒಳ್ಳೆಯದಾಗಿತ್ತು, ನಡೆಯಿತು. ಒಂದು ಮಗುವಿನ ಜೀವ ಬೀದಿಯವರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಖಾಲಿಯಾದ ಮೇಲೆ ಉಳಿದದ್ದು ಬೇಗ ಬೇಗ ಆಯಿತು. ಆರ್.ಆರ್. ನಂಬರು ಕೊಟ್ಟು ಬೆಸ್ಕಾಂನಿಂದ ಮೀಟರು ತೆಗೆಸಿ, ಕಂಬದಿಂದಲೇ ತಂತಿ ಕಡಿಸಬೇಕು. ಜಲಮಂಡಳಿಯ ನೀರು ಮತ್ತು ಒಳಚರಂಡಿ ಸಂಪರ್ಕ ಮುಚ್ಚಿಸಬೇಕು. ಒಳಚರಂಡಿ ಮರೆತರೆ ಮಣ್ಣೆಲ್ಲ ಪೈಪಿಗೆ ಇಳಿದು ಇಡೀ ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಳ್ಳುತ್ತದೆ.

ಹಳೇ ಮನೆ ಒಡೆಯುವ ಗುತ್ತಿಗೆದಾರರು ಬಂದು ಮೊದಲು ನೋಡಿದ್ದು ಬಾಗಿಲು, ತೊಲೆ, ಕಲ್ಲುಕಂಬ. ತೇಗ ಎಷ್ಟಿದೆ, ಗೆದ್ದಲು ತಿಂದದ್ದು ಎಷ್ಟು, ಹೆಂಚು ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ, ಅದನ್ನು ಕೂಲಿಯಲ್ಲಿ ಕಳೆದು ದರ ಹೇಳುತ್ತಾರೆ. ಒಬ್ಬರು ಜೆಸಿಬಿ ತಂದು ಅರ್ಧ ದಿನದಲ್ಲಿ ಮುಗಿಸುತ್ತೇನೆ ಅಂದರು. ಬೇಡ ಅಂದೆವು. ಜಂಟಿ ಗೋಡೆ ಇರುವಲ್ಲಿ ಜೆಸಿಬಿಯ ಒಂದು ತಟ್ಟು ಪಕ್ಕದ ಮನೆಯನ್ನೂ ತೆಗೆದುಕೊಂಡು ಹೋಗುತ್ತದೆ. ಕೈಯಿಂದಲೇ ಕೆಲಸ ನಡೆಯಿತು. ಮೊದಲು ಹೆಂಚು, ಆಮೇಲೆ ರೀಪು, ಜಂತೆ, ತೊಲೆ. ಗೋಡೆಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ವರಸೆ ಬಿಚ್ಚುತ್ತಾ ಬಂದರು. ಹಸಿರು ಬಲೆ ಕಟ್ಟಿ, ನೀರು ಚಿಮುಕಿಸುತ್ತಾ ಇದ್ದರು. ಕೆಲಸಗಾರರಿಗೆ ಹೆಲ್ಮೆಟ್ ಕೊಡಿಸಲೇಬೇಕು ಅಂತ ನಾವು ಪಟ್ಟು ಹಿಡಿದೆವು. ಕಟ್ಟಡ ಕೆಡವುವಾಗ ಅಜಾಗರೂಕತೆ ತೋರಿಸಿದರೆ ಈಗಿನ ದಂಡ ಸಂಹಿತೆಯಾದ ಬಿಎನ್‌ಎಸ್‌ನ 290ನೇ ಸೆಕ್ಷನ್ ಪ್ರಕಾರ ಅದೂ ಅಪರಾಧ.

ಮಣ್ಣು, ಇಟ್ಟಿಗೆ ಚೂರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ರಾತ್ರೋರಾತ್ರಿ ಕೆರೆಯಂಗಳಕ್ಕೆ, ರಾಜಕಾಲುವೆಯ ಬದಿಗೆ ಸುರಿಯುವುದು ಈ ಊರಿನ ದೊಡ್ಡ ರೋಗ. ಕಟ್ಟಡ ತ್ಯಾಜ್ಯಕ್ಕೆ 2016ರಲ್ಲೇ ಕೇಂದ್ರದ ನಿಯಮ ಬಂದಿತ್ತು. ಚಿಕ್ಕಜಾಲದಲ್ಲಿ ಅದನ್ನು ಪುಡಿ ಮಾಡಿ ಮರಳು, ಜಲ್ಲಿ ಮಾಡುವ ಘಟಕವಿದೆ. ನಮ್ಮ ಟೀಚರಮ್ಮ ಲಾರಿ ಬಾಡಿಗೆ ಜಾಸ್ತಿಯಾದರೂ ಪರವಾಗಿಲ್ಲ ಅಂತ ಅಲ್ಲಿಗೇ ಕಳಿಸಿದರು.

ನಮ್ಮ ನಡುಮನೆಯ ಗೋಡೆ ಈಗ ಹೊರಗೋಡೆ. ಬರೀ ಮಣ್ಣುಗಾರೆಯ ಗೋಡೆ ಮಳೆಗೆ ಒಡ್ಡಿಕೊಂಡರೆ ಒಂದು ಮಳೆಗಾಲ ತಾಳುವುದಿಲ್ಲ. ಮೂಲೆಗಳಿಗೆ ಇಟ್ಟಿಗೆಯ ಆಸರೆ ಕಟ್ಟಿಸಿ, ಸಡಿಲ ಗಾರೆ ಕೆರೆದು, ಸುಣ್ಣದ ಗಾರೆಯಲ್ಲೇ ಗಿಲಾವು ಮಾಡಿಸಿದೆವು. ಸಿಮೆಂಟು ಹೊಡೆದರೆ ಒಳಗಿನ ತೇವ ಹೊರಗೆ ಬರಲಾಗದೆ ಗೋಡೆ ಇನ್ನೂ ಬೇಗ ಹಾಳಾಗುತ್ತದೆ ಅಂತ ಹಳೇ ಮೇಸ್ತ್ರಿ ಹೇಳಿದ್ದರು. ಮೇ ತಿಂಗಳ ಜೋರು ಮಳೆ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು.

2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ಹಳೇ ದೂರು, ಮಹಜರು, ನೋಟಿಸು ಇಟ್ಟುಕೊಂಡಿರುವವರು ಅವುಗಳ ನಕಲು ತೆಗೆದು ಹೊಸ ಪಾಲಿಕೆಯ ಕಚೇರಿಗೆ ಮತ್ತೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಕಾಗದ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಕೇಳಿ. ಜೀವದ ಪ್ರಶ್ನೆ ಇದ್ದರೆ 48 ಗಂಟೆಯಲ್ಲಿ ಮಾಹಿತಿ ಕೊಡಬೇಕು ಅಂತ ಆ ಕಾಯ್ದೆಯಲ್ಲಿದೆ. ಅರ್ಜಿಯಲ್ಲೇ ಅದನ್ನು ಬರೆಯಿರಿ.

ನಮ್ಮ ಬೀದಿಯ ಕೊನೆಯಲ್ಲಿ ಇನ್ನೊಂದು ಮನೆಯಿದೆ. ಎರಡು ಅಂತಸ್ತು, ಬಾಲ್ಕನಿ ಒಂದು ಕಡೆಗೆ ಜೋತುಬಿದ್ದಿದೆ, ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಾರೆ. ಟೈಲರ್ ಅಣ್ಣ ಮತ್ತು ನಾನು ಸೇರಿ ಅದರ ಫೋಟೊ ತೆಗೆದು ಅರ್ಜಿ ಕೊಟ್ಟಿದ್ದೇವೆ. ಈ ಸಲ ಅರ್ಜಿಯ ಮೊದಲ ಪುಟದಲ್ಲೇ ಒಳಗಿರುವ ಮೂರು ಬಾಡಿಗೆ ಸಂಸಾರಗಳ ವಿವರ, ಅವರ ಕೆಲಸ ಎಲ್ಲಿ, ಮಕ್ಕಳ ಶಾಲೆ ಎಲ್ಲಿ, ಎಷ್ಟು ಅಡ್ವಾನ್ಸ್ ಬರಬೇಕು ಅನ್ನುವುದೆಲ್ಲ ಬರೆದಿದ್ದೇವೆ. ಬಿರುಕಿನ ಫೋಟೊಗಳು ಎರಡನೇ ಪುಟದಲ್ಲಿವೆ.